ನೆಲಕ್ಕೆ ಬಿದ್ದ ಎಣ್ಣೆ ಹನಿ: ಹಳೆಯ ಜಾವಾ ಎಂಜಿನ್ ಸೋರಿಕೆಗೆ ಮದ್ದೇನು?

ಹಳೆಯ ಜಾವಾ ಅಥವಾ ಯೆಜ್ಡಿ ಇರುವ ಮನೆಯನ್ನು ಗುರುತಿಸಲು ಗೇಟಿನ ಒಳಗೆ ಇಣುಕಿದರೆ ಸಾಕು. ಬೈಕು ನಿಲ್ಲುವ ಜಾಗದಲ್ಲಿ ಕಪ್ಪು ಕಲೆಯೊಂದು ಇರುತ್ತದೆ. ಆ ಕಲೆಯನ್ನು ಮುಚ್ಚಲು ಹಳೆಯ ರಟ್ಟನ್ನೋ ತಟ್ಟೆಯನ್ನೋ ಇಟ್ಟಿರುತ್ತಾರೆ. 'ಹಳೆಯ ಗಾಡಿ ಎಂದರೆ ಎಣ್ಣೆ ಸೋರುವುದು ಸಹಜ' ಎಂಬ ಸಮಾಧಾನವೂ ಜತೆಗಿರುತ್ತದೆ. ಈ ಸಮಾಧಾನವೇ ಎಷ್ಟೋ ಎಂಜಿನ್‌ಗಳ ಪಾಲಿಗೆ ಮುಳುವಾಗಿದೆ. ಸೋರಿಕೆ ವಯಸ್ಸಿನ ಲಕ್ಷಣವಲ್ಲ, ದೋಷದ ಲಕ್ಷಣ. ಆ ದೋಷ ಹತ್ತಾರು ರೂಪಾಯಿಯ ಕಾಗದದ ಗ್ಯಾಸ್ಕೆಟ್‌ನಲ್ಲಿ ಇರಬಹುದು; ಮತ್ತೆ ದೊರಕದ ಎಂಜಿನ್ ಕೇಸಿನ ಬಿರುಕಿನಲ್ಲೂ ಇರಬಹುದು. ಯಾವುದೆಂದು ತಿಳಿಯದೆ ಅಂಟು ಮೆತ್ತುವ ಆತುರದಿಂದ ಆಗುವ ಹಾನಿ ಅರ್ಧ ಶತಮಾನದ ಓಟದಿಂದ ಆದ ಹಾನಿಗಿಂತ ಹೆಚ್ಚಿನದಾಗಿರುತ್ತದೆ.

ಹಳೆಯ ಮೋಟಾರ್‌ಸೈಕಲ್‌ಗಳ ಸಂಗ್ರಹ ಮತ್ತು ಪುನರುಜ್ಜೀವನದ ಹವ್ಯಾಸ ರಾಜ್ಯದ ನಗರಗಳಲ್ಲಿ ಬಲವಾಗಿ ಬೇರೂರಿದೆ. ಅಜ್ಜನ ಕಾಲದ ಬೈಕನ್ನು ಹಿತ್ತಲಿನಿಂದ ಹೊರತೆಗೆದು ಓಡಿಸುವ ಆಸೆ ಅನೇಕರದು. ಹೀಗೆ ಹೊರಬಂದ ಬೈಕುಗಳು ಮೊದಲು ಎದುರಿಸುವ ಸಮಸ್ಯೆಯೇ ಎಣ್ಣೆ ಸೋರಿಕೆ. ಅದರ ಮೂಲವನ್ನು ಪತ್ತೆ ಮಾಡುವ ಕ್ರಮ, ದುರಸ್ತಿಯ ಸರಿಯಾದ ವಿಧಾನ ಹಾಗೂ ಮಾಡಬಾರದ ತಪ್ಪುಗಳನ್ನು ಈ ಲೇಖನ ವಿವರಿಸುತ್ತದೆ.

ಮೈಸೂರಿನಲ್ಲಿ ಹುಟ್ಟಿದ ಎಂಜಿನ್

ಜಾವಾ ಮೂಲತಃ ಜೆಕೊಸ್ಲೊವಾಕಿಯಾದ ಹೆಸರು. ಪ್ರಾಗ್‌ನ ಉದ್ಯಮಿ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ 1929ರಲ್ಲಿ ಈ ಹೆಸರನ್ನು ರೂಪಿಸಲಾಯಿತು. ಭಾರತದಲ್ಲಿ ಅದನ್ನು ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಯಾದವಗಿರಿಯಲ್ಲಿದ್ದ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಆರಂಭದಲ್ಲಿ ಜಾವಾ ಎಂದೇ ಮಾರಾಟವಾದ ಬೈಕು 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು.

2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತು. 2022ರಲ್ಲಿ ಯೆಜ್ಡಿಯೂ ಬಂದಿತು. ಆದರೆ ಇವು ದ್ರವದಿಂದ ತಂಪಾಗುವ ನಾಲ್ಕು ಸ್ಟ್ರೋಕ್ ಎಂಜಿನ್‌ನ ಸಂಪೂರ್ಣ ಹೊಸ ಬೈಕುಗಳು. ಹಳೆಯದಕ್ಕೂ ಇವಕ್ಕೂ ಎಂಜಿನ್ ಬಿಡಿಭಾಗಗಳ ನಂಟಿಲ್ಲ. ಹೀಗಾಗಿ ಮೈಸೂರಿನಲ್ಲಿ ಎರಕಗೊಂಡ ಮೂಲ ಎಂಜಿನ್ ಕೇಸುಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ, ಕಡಿಮೆ ಮಾತ್ರ ಆಗುತ್ತದೆ. ಪಿಸ್ಟನ್, ಕ್ಲಚ್ ಪ್ಲೇಟ್, ಸೀಲ್, ಬೇರಿಂಗ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿದರೆ ಸಿಕ್ಕಾವು. ಒಳ್ಳೆಯ ಸ್ಥಿತಿಯ ಕೇಸು ಸಿಗುವುದು ಅದೃಷ್ಟದ ಮಾತು.

ಒಂದೇ ಎರಕದಲ್ಲಿ ಹಲವು ಕೋಣೆ

ಸೋರಿಕೆಯನ್ನು ಅರಿಯಲು ಎಂಜಿನ್ನಿನ ಒಳರಚನೆಯ ಪರಿಚಯ ಅಗತ್ಯ. ಜಾವಾ 250ರ ಎಂಜಿನ್ ಕೇಸು ಅಲ್ಯೂಮಿನಿಯಂ ಮಿಶ್ರಲೋಹದ ಎರಡು ಹೋಳುಗಳಿಂದ ಆಗಿದೆ. ನಡುವೆ ಲಂಬವಾಗಿ ಸೀಳಿದ ತೆಂಗಿನಕಾಯಿಯಂತೆ ಎಡ ಮತ್ತು ಬಲ ಹೋಳುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮುಂದಿನ ಕೋಣೆಯಲ್ಲಿ ಕ್ರ್ಯಾಂಕ್, ಹಿಂದಿನ ಕೋಣೆಯಲ್ಲಿ ನಾಲ್ಕು ಗೇರುಗಳು. ಎಡಬದಿಯ ಮುಚ್ಚಳದ ಒಳಗೆ ಪ್ರೈಮರಿ ಚೈನು ಮತ್ತು ಕ್ಲಚ್. ಬಲಬದಿಯಲ್ಲಿ ಡೈನಮೊ ಮತ್ತು ಪಾಯಿಂಟ್. ಈ ಕೋಣೆ ಸದಾ ಒಣಗಿರಬೇಕು.

ಎರಡು ಸ್ಟ್ರೋಕ್ ಎಂಜಿನ್ ಆದ್ದರಿಂದ ಕ್ರ್ಯಾಂಕ್ ಕೋಣೆಯ ತಳದಲ್ಲಿ ಎಣ್ಣೆಯ ಸಂಗ್ರಹ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ 2ಟಿ ಎಣ್ಣೆಯೇ ಪಿಸ್ಟನ್ನಿಗೂ ಕ್ರ್ಯಾಂಕಿಗೂ ಜಿಡ್ಡು ಒದಗಿಸಿ, ಉರಿದು ಹೊಗೆಯಾಗಿ ಹೋಗುತ್ತದೆ. ಗೇರ್‌ಬಾಕ್ಸ್ ಮತ್ತು ಕ್ಲಚ್ ಕೋಣೆಗೆ ಪ್ರತ್ಯೇಕ ಎಣ್ಣೆ ಇದೆ.

ಕ್ರ್ಯಾಂಕ್ ಕೋಣೆಗೆ ಇನ್ನೊಂದು ಕೆಲಸವೂ ಉಂಟು. ಪಿಸ್ಟನ್ ಮೇಲೇರುವಾಗ ಅದರ ಕೆಳಗೆ ನಿರ್ವಾತ ಉಂಟಾಗಿ ಕಾರ್ಬುರೇಟರಿನಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಬರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಲುಕಿ ಸಿಲಿಂಡರಿಗೆ ಏರುತ್ತದೆ. ಅಂದರೆ ಈ ಕೋಣೆ ಒಂದು ಗಾಳಿ ಪಂಪು. ಪಂಪಿನಲ್ಲಿ ಎಲ್ಲಿಯೂ ರಂಧ್ರ ಇರಕೂಡದು. ಕ್ರ್ಯಾಂಕಿನ ಎರಡೂ ತುದಿಗಳು ಹೊರಬರುವಲ್ಲಿ ಇರುವ ರಬ್ಬರ್ ಆಯಿಲ್ ಸೀಲುಗಳೇ ಅದರ ಕಾವಲುಗಾರರು.

ಕಾಣುವ ಸೋರಿಕೆ, ಕಾಣದ ಸೋರಿಕೆ

ಎಲ್ಲರ ಕಣ್ಣಿಗೆ ಬೀಳುವುದು ಹೊರಕ್ಕೆ ಹನಿಯುವ ಎಣ್ಣೆ. ಅದು ಮನೆಯ ನೆಲವನ್ನು ಕೆಡಿಸುತ್ತದೆಯೇ ಹೊರತು, ಗೇರ್‌ಬಾಕ್ಸ್ ಎಣ್ಣೆಯ ಮಟ್ಟವನ್ನು ಕಾಯ್ದುಕೊಂಡರೆ ಎಂಜಿನ್ನಿಗೆ ತಕ್ಷಣದ ಅಪಾಯ ತರುವುದಿಲ್ಲ. ಹೆಚ್ಚು ಅಪಾಯಕಾರಿಯಾದದ್ದು ಒಳಕ್ಕೆ ಆಗುವ ಸೋರಿಕೆ. ಇದರ ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ.

ಎಡಬದಿಯ ಕ್ರ್ಯಾಂಕ್ ಸೀಲು ಗಟ್ಟಿಯಾಗಿ ಬಿರಿದರೆ, ಪಿಸ್ಟನ್ ಮೇಲೇರಿದಾಗಲೆಲ್ಲ ಕ್ಲಚ್ ಕೋಣೆಯ ಎಣ್ಣೆ ಕ್ರ್ಯಾಂಕ್ ಕೋಣೆಗೆ ಹೀರಲ್ಪಡುತ್ತದೆ. ಸೈಲೆನ್ಸರಿನಿಂದ ನಿಲ್ಲದ ದಟ್ಟ ಬಿಳಿ ಹೊಗೆ, ಪದೇ ಪದೇ ಒದ್ದೆಯಾಗುವ ಸ್ಪಾರ್ಕ್ ಪ್ಲಗ್, ಹೊರಗೆ ಎಲ್ಲಿಯೂ ಸೋರದಿದ್ದರೂ ತಿಂಗಳು ತಿಂಗಳೂ ಇಳಿಯುವ ಗೇರ್ ಎಣ್ಣೆಯ ಮಟ್ಟ ಇದರ ಕುರುಹುಗಳು. ಅನೇಕರು ಇದನ್ನು ಪಿಸ್ಟನ್ ರಿಂಗಿನ ದೋಷವೆಂದು ಭಾವಿಸಿ ಬೋರ್ ಮಾಡಿಸುತ್ತಾರೆ. ಹಣ ಖರ್ಚಾಗುತ್ತದೆ, ಹೊಗೆ ನಿಲ್ಲುವುದಿಲ್ಲ.

ಬಲಬದಿಯ ಸೀಲು ಕೆಟ್ಟರೆ ಎಣ್ಣೆಯ ಬದಲು ಗಾಳಿ ಒಳನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ತಗ್ಗುತ್ತದೆ. ಪೆಟ್ರೋಲಿನೊಂದಿಗೇ ಬರಬೇಕಾದ 2ಟಿ ಎಣ್ಣೆಯೂ ತಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದಿರುವುದು, ಎಂಜಿನ್ ಅತಿಯಾಗಿ ಕಾಯುವುದು, ಪ್ಲಗ್ಗಿನ ತುದಿ ಬೆಳ್ಳಗಾಗುವುದು ಇದರ ಸೂಚನೆ. ಉಪೇಕ್ಷಿಸಿದರೆ ಒಂದು ದಿನ ಹೆದ್ದಾರಿಯಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಹಿಂಬದಿ ಚಕ್ರ ಒಮ್ಮೆಲೇ ಬಿಗಿಯುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿಯದ ಸವಾರ ನೆಲಕ್ಕೆ ಬೀಳುತ್ತಾನೆ. ರಬ್ಬರಿನ ಒಂದು ಉಂಗುರದ ವಿಚಾರ ಪ್ರಾಣಕ್ಕೆ ಸಂಬಂಧಿಸಿದ ವಿಚಾರವಾಗುವುದು ಹೀಗೆ.

ಮೊದಲು ಪತ್ತೆ, ಆಮೇಲೆ ದುರಸ್ತಿ

ಎಂಜಿನ್ ಬಿಚ್ಚುವ ಮುನ್ನ ಮಾಡಬೇಕಾದ ಕೆಲಸ ತೊಳೆಯುವುದು. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ವರ್ಷಗಳ ಕೊಳೆಯನ್ನು ತಿಕ್ಕಿ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಪೂರ್ಣವಾಗಿ ಒಣಗಿಸಬೇಕು. ಬಳಿಕ ಕೇಸಿನ ಮೇಲೆ ಟಾಲ್ಕಂ ಪೌಡರ್ ಅಥವಾ ಸೀಮೆಸುಣ್ಣದ ಪುಡಿ ತೆಳುವಾಗಿ ಉದುರಿಸಿ, ನಾಲ್ಕೈದು ಕಿಲೋಮೀಟರ್ ಓಡಿಸಿ ನೋಡಬೇಕು. ಬಿಳಿಯ ಪುಡಿಯ ಮೇಲೆ ಎಣ್ಣೆಯ ಜಾಡು ಸ್ಪಷ್ಟವಾಗಿ ಮೂಡುತ್ತದೆ.

ಎಣ್ಣೆ ಕೆಳಕ್ಕೆ ಹರಿಯುತ್ತದೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಆದ್ದರಿಂದ ಹನಿ ಬೀಳುವ ಜಾಗ ಸೋರಿಕೆಯ ಜಾಗವಲ್ಲ. ಒದ್ದೆಯಾದ ಭಾಗದಲ್ಲಿ ಅತ್ಯಂತ ಮೇಲಿನ ಮತ್ತು ಮುಂದಿನ ಬಿಂದುವಿನ ಬಳಿಯೇ ಮೂಲವನ್ನು ಹುಡುಕಬೇಕು.

ಸೋರುತ್ತಿರುವುದು ಯಾವ ಎಣ್ಣೆ ಎಂಬುದೂ ಮುಖ್ಯ. ಸಿಲಿಂಡರಿಗೆ ಸೈಲೆನ್ಸರ್ ಪೈಪು ಸೇರುವಲ್ಲಿ ಕಪ್ಪು ಅಂಟು ಜಿನುಗಿದರೆ ಅದು ಅರೆಬೆಂದ 2ಟಿ ಎಣ್ಣೆ. ಅಲ್ಲಿನ ಉಂಗುರ ನಟ್ ಸಡಿಲವಾಗಿದೆ ಅಥವಾ ಒಳಗಿನ ಗ್ಯಾಸ್ಕೆಟ್ ಸವೆದಿದೆ ಎಂದರ್ಥ. ಕಾರ್ಬುರೇಟರ್ ಉಕ್ಕಿ ಹರಿದ ಪೆಟ್ರೋಲು ಆವಿಯಾದ ಮೇಲೆ ಉಳಿಯುವ 2ಟಿ ಎಣ್ಣೆಯೂ ಕೇಸಿನ ಮೇಲೆ ಕಲೆ ಬಿಡುತ್ತದೆ. ಜಾವಾದ ಹಿಂಬದಿ ಚೈನು ತಗಡಿನ ಕವಚದ ಒಳಗೆ ಇರುವುದರಿಂದ, ಚೈನಿಗೆ ಹಾಕಿದ ಗ್ರೀಸು ಕರಗಿ ಕೆಳಗಿಳಿದು ಗೇರ್‌ಬಾಕ್ಸ್ ಸೋರಿಕೆಯಂತೆ ತೋರುವುದೂ ಉಂಟು. ಇವು ಯಾವುವೂ ಎಂಜಿನ್ ಬಿಚ್ಚಬೇಕಾದ ಕಾಯಿಲೆಗಳಲ್ಲ.

ಗೇರ್ ಎಣ್ಣೆಯೇ ಸೋರುತ್ತಿದೆ ಎಂದು ಖಚಿತವಾದರೆ ಮೊದಲು ಪ್ರಮಾಣವನ್ನು ಪರೀಕ್ಷಿಸಬೇಕು. 'ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದೇ' ಎಂದು ಅಳತೆ ಮೀರಿ ಸುರಿದ ಎಣ್ಣೆ ಸಂದುಗಳಲ್ಲಿ ದಾರಿ ಹುಡುಕುತ್ತದೆ. ಎರಡನೆಯದು, ಗೇರ್‌ಬಾಕ್ಸ್ ಉಸಿರಾಡುವ ಸಣ್ಣ ರಂಧ್ರ. ಅದು ಕೊಳೆಯಿಂದ ಮುಚ್ಚಿದ್ದರೆ ಬಿಸಿಯಾದ ಗಾಳಿ ಹಿಗ್ಗಿ, ಹೊರಹೋಗಲು ಹಾದಿಯಿಲ್ಲದೆ ಎಣ್ಣೆಯನ್ನು ಸೀಲುಗಳ ಮೂಲಕ ಹೊರನೂಕುತ್ತದೆ. ತಂತಿಯೊಂದನ್ನು ಆಡಿಸಿ ರಂಧ್ರ ತೆರವು ಮಾಡಿದರೆ ಮುಗಿಯುವ ಕೆಲಸವಿದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಕಿಲ್ಲ.

ಅಂಟು ಮದ್ದಲ್ಲ

ಎಡಬದಿಯ ಮುಚ್ಚಳದ ಸುತ್ತ ಜಿನುಗುವ ಎಣ್ಣೆಗೆ ಸಾಮಾನ್ಯ ಕಾರಣ ಕಾಗದದ ಗ್ಯಾಸ್ಕೆಟ್. ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರಿಕೆ ನಿಲ್ಲಲಿಲ್ಲವೆಂದರೆ ತಪ್ಪು ಗ್ಯಾಸ್ಕೆಟ್ಟಿನದಲ್ಲ, ಅದು ಕೂರುವ ಮೇಲ್ಮೈಯದು. ಹಿಂದೆ ಯಾರೋ ಸ್ಕ್ರೂಡ್ರೈವರ್ ತೂರಿಸಿ ಮುಚ್ಚಳ ಎಬ್ಬಿಸಿದ್ದರ ಗೀರುಗಳು ಅಲ್ಲಿ ಇರುತ್ತವೆ. ಮುಚ್ಚಳ ಅಂಟಿಕೊಂಡಿದ್ದರೆ ರಬ್ಬರ್ ಅಥವಾ ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ಬಿಡಿಸಬೇಕು. ಗ್ಯಾಸ್ಕೆಟ್ ಮೇಲ್ಮೈಗೆ ಉಕ್ಕಿನ ಉಪಕರಣ ತಾಕಿಸಲೇಬಾರದು.

ಮೇಲ್ಮೈ ಸಮತಟ್ಟಾಗಿದೆಯೇ ಎಂದು ತಿಳಿಯಲು ದಪ್ಪ ಗಾಜಿನ ಹಲಗೆಯೊಂದು ಸಾಕು. ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಮುಚ್ಚಳವನ್ನು ಎಂಟರ ಆಕಾರದಲ್ಲಿ ನಾಲ್ಕಾರು ಸಲ ಉಜ್ಜಿದರೆ ಉಬ್ಬಿದ ಭಾಗ ಹೊಳೆಯುತ್ತದೆ, ತಗ್ಗು ಮಸುಕಾಗಿಯೇ ಉಳಿಯುತ್ತದೆ. ಅಲ್ಪ ವ್ಯತ್ಯಾಸವನ್ನು ಹೀಗೆಯೇ ಉಜ್ಜಿ ಸರಿಪಡಿಸಬಹುದು. ಜೋಡಿಸುವಾಗ ಸ್ಕ್ರೂಗಳನ್ನು ಒಂದರ ಎದುರು ಇನ್ನೊಂದರಂತೆ, ಎರಡು ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಒಂದೇ ಬದಿಯಿಂದ ಬಿಗಿಯುತ್ತ ಹೋದರೆ ಮುಚ್ಚಳವೇ ಬಾಗುತ್ತದೆ.

ಟ್ಯೂಬಿನಲ್ಲಿ ಬರುವ ಸಿಲಿಕೋನ್ ಅಂಟನ್ನು ಹೆಬ್ಬೆರಳಿನಷ್ಟು ದಪ್ಪ ಮೆತ್ತುವುದು ಇನ್ನೊಂದು ಕೆಟ್ಟ ರೂಢಿ. ಹೊರಗೆ ಉಬ್ಬಿದ್ದು ಕಣ್ಣಿಗೆ ಕಾಣುತ್ತದೆ. ಒಳಗೆ ಅಷ್ಟೇ ಉಬ್ಬಿದ್ದು ಕಳಚಿ ಎಣ್ಣೆಯಲ್ಲಿ ತೇಲುತ್ತ ಎಣ್ಣೆಯ ಕಿರಿದಾದ ಹಾದಿಗಳನ್ನು ಮುಚ್ಚುತ್ತದೆ. ಎರಡು ಹೋಳುಗಳ ನಡುವೆ ಅಂಟು ಬೇಕಾದರೂ ಅದು ಚರ್ಮದಷ್ಟು ತೆಳುವಾದ ಲೇಪವಾಗಿರಬೇಕು.

ಸೀಲ್ ಬದಲಿಸುವ ಮುನ್ನ

ಗೇರ್ ಹಾಕುವುದಕ್ಕೂ ಕಿಕ್ ಹೊಡೆಯುವುದಕ್ಕೂ ಒಂದೇ ಲಿವರ್ ಇರುವುದು ಜಾವಾದ ವೈಶಿಷ್ಟ್ಯ. ಎಡಬದಿಯ ಮುಚ್ಚಳದಿಂದ ಹೊರಬರುವ ಈ ಶಾಫ್ಟ್ ಸೋರಿಕೆಯ ಚಿರಪರಿಚಿತ ತಾಣ. ಇಲ್ಲಿ ಹೊಸ ರಬ್ಬರ್ ಹಾಕಿದರೂ ಕೆಲವೇ ದಿನಗಳಲ್ಲಿ ಮತ್ತೆ ಜಿನುಗುತ್ತಿದ್ದರೆ ಶಾಫ್ಟ್ ಹಾದುಬರುವ ರಂಧ್ರ ಸವೆದು ಅಂಡಾಕಾರವಾಗಿದೆ, ಅಥವಾ ಬೈಕು ಎಡಕ್ಕೆ ಬಿದ್ದಾಗ ಶಾಫ್ಟ್ ಬಾಗಿದೆ ಎಂದು ತಿಳಿಯಬೇಕು. ಲೇತ್‌ನಲ್ಲಿ ರಂಧ್ರ ದೊಡ್ಡದು ಮಾಡಿ ಕಂಚಿನ ಬುಷ್ ಕೂರಿಸುವುದು ಇದಕ್ಕೆ ಶಾಶ್ವತ ಪರಿಹಾರ.

ಕ್ರ್ಯಾಂಕ್ ಸೀಲಿಗೂ ಇದೇ ತರ್ಕ ಅನ್ವಯಿಸುತ್ತದೆ. ಸೀಲು ಶಾಫ್ಟನ್ನು ಎತ್ತಿ ಹಿಡಿಯುವುದಿಲ್ಲ. ಆ ಕೆಲಸ ಬೇರಿಂಗಿನದು. ಬೇರಿಂಗ್ ಸವೆದು ಕ್ರ್ಯಾಂಕ್ ಅಲ್ಲಾಡುತ್ತಿದ್ದರೆ ಎಷ್ಟು ಒಳ್ಳೆಯ ಸೀಲೂ ಬಾಳುವುದಿಲ್ಲ. ಆದ್ದರಿಂದ ಕ್ರ್ಯಾಂಕಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಆಡಿಸಿ ನೋಡುವುದು ಮೊದಲ ಹೆಜ್ಜೆ. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರಿಗೆ ತಗಲುವಷ್ಟು ಗೆರೆ ಬಿದ್ದಿದ್ದರೆ ಅದನ್ನೂ ಸರಿಪಡಿಸಬೇಕು. ಹೊಸ ಸೀಲಿನ ತುಟಿಗೆ ಎಣ್ಣೆ ಸವರದೆ ಒಣದಾಗಿ ಕೂರಿಸಿದರೆ ಮೊದಲ ಕಿಕ್ಕಿನಲ್ಲೇ ಅದು ಸುಟ್ಟುಕೊಳ್ಳುತ್ತದೆ.

ಇಂದಿನ ಪೆಟ್ರೋಲಿನ ಕಡೆಗೂ ಗಮನ ಬೇಕು. ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇ 20ಕ್ಕೆ ತಲುಪಿತು. 1960–70ರ ದಶಕದ ರಬ್ಬರುಗಳು ಇಂತಹ ಇಂಧನಕ್ಕಾಗಿ ತಯಾರಾದವಲ್ಲ. ಅವು ಉಬ್ಬುತ್ತವೆ ಅಥವಾ ಮೆತ್ತಗಾಗುತ್ತವೆ. ಎಥೆನಾಲ್ ನೀರನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಬೈಕಿನ ಒಳಗೆ ತುಕ್ಕು ಹಿಡಿಯುವ ಸಾಧ್ಯತೆಯೂ ಹೆಚ್ಚು. ದಾಸ್ತಾನಿನಲ್ಲಿ ದಶಕಗಳ ಕಾಲ ಉಳಿದ 'ಒರಿಜಿನಲ್' ಸೀಲಿಗಿಂತ, ಅದೇ ಅಳತೆಯ ಫ್ಲೋರೋ ರಬ್ಬರಿನ ಹೊಸ ಸೀಲು ಕ್ರ್ಯಾಂಕಿಗೆ ಹೆಚ್ಚು ಸೂಕ್ತ.

ಸವೆದ ಥ್ರೆಡ್ಡಿಗೆ ಹೊಸ ಜೀವ

ಎಣ್ಣೆ ಬಸಿಯುವ ಡ್ರೈನ್ ನಟ್ ಹನಿಯುತ್ತಿದ್ದರೆ ಇನ್ನಷ್ಟು ಬಿಗಿಯುವುದು ಎಲ್ಲರ ಸಹಜ ಪ್ರವೃತ್ತಿ. ನಟ್ ಉಕ್ಕಿನದು, ಕೇಸು ಅಲ್ಯೂಮಿನಿಯಂ. ಈ ಜಟಾಪಟಿಯಲ್ಲಿ ಸೋಲುವುದು ಸದಾ ಅಲ್ಯೂಮಿನಿಯಮ್ಮೇ. ಮೊದಲು ನಟ್ಟಿನ ಕೆಳಗಿನ ವಾಷರ್ ಬದಲಿಸಬೇಕು. ತಾಮ್ರದ ಹಳೆಯ ವಾಷರನ್ನೇ ಬಳಸುವುದಾದರೆ ಅದನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮೆತ್ತಗಾಗಿ ಮತ್ತೆ ಚೆನ್ನಾಗಿ ಕೂರುತ್ತದೆ.

ಥ್ರೆಡ್ ಪೂರ್ತಿ ಕಿತ್ತುಹೋಗಿದ್ದರೆ, ಹಲ್ಲಿಗೆ ದಾರ ಸುತ್ತಿ ನಟ್ ಕೂರಿಸುವುದಾಗಲಿ, ದಪ್ಪನೆಯ ನಟ್ಟನ್ನು ಬಲವಂತವಾಗಿ ತಿರುಗಿಸುವುದಾಗಲಿ ಕೂಡದು. ಬಲವಂತಕ್ಕೆ ರಂಧ್ರದ ಸುತ್ತ ಕೇಸು ಸೀಳುತ್ತದೆ. ರಂಧ್ರವನ್ನು ನಿಗದಿತ ಅಳತೆಗೆ ಹಿಗ್ಗಿಸಿ, ಟ್ಯಾಪ್ ಹೊಡೆದು, ಸ್ಪ್ರಿಂಗಿನಂತಹ ಉಕ್ಕಿನ ತಂತಿಯ ಸುರುಳಿಯನ್ನು ಒಳಗೆ ಕೂರಿಸುವ ಹೆಲಿಕಾಯಿಲ್ ವಿಧಾನ ಇದಕ್ಕೆ ಸರಿಯಾದ ಮಾರ್ಗ. ಮೂಲ ಅಳತೆಯ ನಟ್ಟೇ ಮತ್ತೆ ಕೂರುತ್ತದೆ ಮತ್ತು ಹೊಸ ಥ್ರೆಡ್ ಹಳೆಯದಕ್ಕಿಂತ ಗಟ್ಟಿಯಾಗಿರುತ್ತದೆ.

ಬಿರುಕು: ಪತ್ತೆ ಮತ್ತು ಬೆಸುಗೆ

ಕೇಸು ಒಡೆಯಲು ಕಾರಣಗಳು ಹಲವು. ಓಡುವಾಗ ತುಂಡಾದ ಚೈನು ಸ್ಪ್ರಾಕೆಟ್ಟಿನ ಬಳಿ ಸಿಕ್ಕಿಕೊಂಡು ಕೇಸನ್ನು ಒಳಗಿನಿಂದ ಗುದ್ದುತ್ತದೆ. ಬೈಕು ಬಿದ್ದಾಗ ಲಿವರ್ ಮುಚ್ಚಳವನ್ನು ಒತ್ತುತ್ತದೆ. ಎಂಜಿನ್ ಬಿಗಿಯುವ ಬೋಲ್ಟ್ ಸಡಿಲವಾಗಿದ್ದರೆ ನಿರಂತರ ಕಂಪನದಿಂದ ಕೇಸಿನ ಕಿವಿಗಳು ಬಿರುಕು ಬಿಡುತ್ತವೆ.

ಕೂದಲೆಳೆಯ ಬಿರುಕು ಬರಿಗಣ್ಣಿಗೆ ಕಾಣದು. ಶುಚಿ ಮಾಡಿದ ಕೇಸಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದರೆ ಬಿರುಕಿನಲ್ಲಿ ಅಡಗಿದ ಎಣ್ಣೆ ಹೊರಬಂದು ಗೆರೆಯಾಗಿ ಮೂಡುತ್ತದೆ. ಇದೇ ತತ್ವದ ಕೆಂಪು ಬಣ್ಣದ ಪರೀಕ್ಷಾ ದ್ರಾವಣ ಇಂಜಿನಿಯರಿಂಗ್ ಸಾಮಗ್ರಿಗಳ ಅಂಗಡಿಗಳಲ್ಲಿ ಸಿಗುತ್ತದೆ; ಅದರ ಫಲಿತಾಂಶ ಇನ್ನೂ ನಿಖರ.

ಒತ್ತಡ ಬೀಳದ ಜಾಗದಲ್ಲಿ ಎರಕದ ಸೂಕ್ಷ್ಮ ರಂಧ್ರದಿಂದ ಎಣ್ಣೆ ಒಸರುತ್ತಿದ್ದರೆ ಲೋಹಪುಡಿ ಬೆರೆತ ಎಪಾಕ್ಸಿ ಅಂಟು ಸಾಕಾಗಬಹುದು. ಆದರೆ ಬೇರಿಂಗಿನ ಸುತ್ತ, ಎಂಜಿನ್ ಬೋಲ್ಟ್‌ಗಳ ಬಳಿ, ಎರಡು ಹೋಳುಗಳು ಕೂಡುವಲ್ಲಿ ಇರುವ ಬಿರುಕಿಗೆ ಬೆಸುಗೆಯೇ ಆಗಬೇಕು.

ಅಲ್ಯೂಮಿನಿಯಂ ಬೆಸುಗೆ ಕಬ್ಬಿಣದ ಬೆಸುಗೆಯಂತಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಮೇಲೆ ಸದಾ ಇರುವ ಆಕ್ಸೈಡಿನ ತೆಳು ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಪೊರೆ ಹಾಗೆಯೇ ಇದ್ದಾಗ ಅದರಡಿಯ ಲೋಹ ನೀರಾಗಿ ಕುಸಿದುಬಿಡುತ್ತದೆ. ಕಬ್ಬಿಣದಂತೆ ಕೆಂಪಗಾಗಿ ಮುನ್ಸೂಚನೆಯನ್ನೂ ಅಲ್ಯೂಮಿನಿಯಂ ಕೊಡುವುದಿಲ್ಲ. ಗ್ಯಾರೇಜುಗಳಲ್ಲಿ 'ಆರ್ಗಾನ್ ವೆಲ್ಡಿಂಗ್' ಎಂದು ಕರೆಯುವ ಟಿಗ್ ಬೆಸುಗೆಯಲ್ಲಿ ಪರ್ಯಾಯ ವಿದ್ಯುತ್ ಈ ಪೊರೆಯನ್ನು ಒಡೆಯುತ್ತದೆ. ಆರ್ಗಾನ್ ಅನಿಲ ಹೊಸ ಪೊರೆ ಕಟ್ಟದಂತೆ ಕಾಯುತ್ತದೆ.

ಬೆಸುಗೆಯ ಯಶಸ್ಸು ಅದಕ್ಕೆ ಮೊದಲಿನ ಸಿದ್ಧತೆಯಲ್ಲಿದೆ. ಅರ್ಧ ಶತಮಾನ ಎಣ್ಣೆ ಕುಡಿದ ಎರಕವನ್ನು ಮೊದಲು ದ್ರಾವಣದಲ್ಲಿ ತೊಳೆದು, ಬಳಿಕ ಬಿಸಿಮಾಡಿ ರಂಧ್ರಗಳೊಳಗಿನ ಎಣ್ಣೆಯನ್ನು ಹೊರಗೆಡಹಬೇಕು. ಇಲ್ಲವಾದರೆ ಎಣ್ಣೆ ಉರಿದು ಬೆಸುಗೆ ಜೇನುಗೂಡಿನಂತೆ ಪೊಳ್ಳಾಗುತ್ತದೆ. ಬಿರುಕು ಮುಂದುವರಿಯದಂತೆ ಅದರ ಎರಡೂ ತುದಿಗಳಲ್ಲಿ ಸಣ್ಣ ರಂಧ್ರ ಕೊರೆದು, ಬಿರುಕಿನ ಉದ್ದಕ್ಕೂ ಇಂಗ್ಲಿಷಿನ ವಿ ಆಕಾರದ ಕಾಲುವೆ ತೋಡಬೇಕು. ಇಡೀ ಕೇಸನ್ನು 150ರಿಂದ 200 ಡಿಗ್ರಿಯವರೆಗೆ ಸಮವಾಗಿ ಕಾಯಿಸಿ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಬೆಸೆದು, ನಿಧಾನವಾಗಿ ತಣಿಯಲು ಬಿಡಬೇಕು. ನೀರು ಎರಚಿದರೆ ಹೊಸ ಬಿರುಕು ಖಚಿತ.

ಬಿಸಿಯಾದ ಕೇಸು ತಿರುಚಿಕೊಳ್ಳುವುದು ಇನ್ನೊಂದು ಅಪಾಯ. ಅದನ್ನು ತಪ್ಪಿಸಲು ಎರಡೂ ಹೋಳುಗಳನ್ನು ಬೋಲ್ಟ್‌ಗಳಿಂದ ಜೋಡಿಸಿ, ಅಥವಾ ದಪ್ಪ ಉಕ್ಕಿನ ಹಲಗೆಗೆ ಬಿಗಿದು ಬೆಸೆಯುತ್ತಾರೆ. ಕೆಲಸ ಮುಗಿದ ಮೇಲೆ ಕೂಡುವ ಮೇಲ್ಮೈ ಮತ್ತು ಬೇರಿಂಗ್ ಗೂಡುಗಳನ್ನು ಯಂತ್ರದಲ್ಲಿ ಅಳೆದು ಸರಿಪಡಿಸಬೇಕು. ಬೆಸುಗೆ ಹಾಕುವವರಿಗೂ ಲೇತ್ ನಡೆಸುವವರಿಗೂ ಎಂಜಿನ್ ಕಟ್ಟುವ ಮೆಕ್ಯಾನಿಕ್ಕಿಗೂ ನಡುವೆ ಮಾತುಕತೆ ಇಲ್ಲದಿದ್ದರೆ ಒಳ್ಳೆಯ ಬೆಸುಗೆಯೂ ವ್ಯರ್ಥ.

ಬೇರಿಂಗ್ ಗೂಡಿನ ಕಾಳಜಿ

ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ತೆಗೆಯುವುದು ಹಲವು ಗ್ಯಾರೇಜುಗಳ ಅಭ್ಯಾಸ. ಪ್ರತಿ ಸಲ ಹೀಗೆ ಮಾಡಿದಾಗಲೂ ಗೂಡು ಒಂದಿಷ್ಟು ಹಿಗ್ಗುತ್ತದೆ. ಕೊನೆಗೆ ಬೇರಿಂಗ್ ಗೂಡಿನೊಳಗೇ ತಿರುಗತೊಡಗುತ್ತದೆ.

ಶಾಖವೇ ಇಲ್ಲಿ ಸರಿಯಾದ ಉಪಕರಣ. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 60 ಮಿಲಿಮೀಟರ್ ವ್ಯಾಸದ ಗೂಡನ್ನು ಬೇರಿಂಗಿನ ಸಮೇತ 80 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಎರಡರ ನಡುವೆ ಸುಮಾರು 0.05 ಮಿಲಿಮೀಟರ್ ಬಿಡುವು ಒದಗುತ್ತದೆ. ಬೇರಿಂಗ್ ತನ್ನ ಭಾರಕ್ಕೇ ಕಳಚಿ ಬೀಳಲು ಅಷ್ಟು ಸಾಕು.

ಗೂಡು ಈಗಾಗಲೇ ಸಡಿಲವಾಗಿದ್ದರೆ ಸುತ್ತಲೂ ಪಂಚ್ ಹೊಡೆದು ಚುಕ್ಕೆ ಏಳಿಸುವ ಉಪಾಯ ಹೆಚ್ಚು ದಿನ ಬಾಳದು, ಕ್ರ್ಯಾಂಕನ್ನು ನಡುವಿನಿಂದ ಸರಿಸಿಬಿಡುತ್ತದೆ. ಅಲ್ಪ ಸವೆತಕ್ಕೆ ಬೇರಿಂಗ್ ಹಿಡಿದಿಡುವ ವಿಶೇಷ ದ್ರವ ಸಿಗುತ್ತದೆ. ಹೆಚ್ಚು ಸವೆದಿದ್ದರೆ ಗೂಡನ್ನು ಹಿಗ್ಗಿಸಿ, ಒಳಗೆ ಬಳೆಯಂತಹ ತೋಳು ಕೂರಿಸಿ, ಎರಡೂ ಹೋಳುಗಳನ್ನು ಜೋಡಿಸಿಯೇ ಮೂಲ ಅಳತೆಗೆ ಕೊರೆಯಬೇಕು.

ಕೇಸು ಬದಲಿಸಿದರೆ ಗುರುತೇ ಬದಲು

'ಇಷ್ಟೆಲ್ಲ ಯಾಕೆ, ಗುಜರಿಯಿಂದ ಇನ್ನೊಂದು ಕೇಸು ತಂದರಾಯಿತು' ಎನ್ನುವವರಿದ್ದಾರೆ. ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ತಾಂತ್ರಿಕ. ಇಂತಹ ಕೇಸುಗಳ ಎರಡು ಹೋಳುಗಳನ್ನು ಜೋಡಿಸಿಟ್ಟು ಗೂಡುಗಳನ್ನು ಕೊರೆಯುವುದು ತಯಾರಿಕೆಯ ವಾಡಿಕೆ. ಒಂದು ಎಂಜಿನ್ನಿನ ಎಡ ಹೋಳಿಗೆ ಇನ್ನೊಂದರ ಬಲ ಹೋಳು ಸೇರಿಸಿದರೆ ಕ್ರ್ಯಾಂಕ್ ನೇರವಾಗಿ ಕೂರುವ ಖಾತರಿ ಇರುವುದಿಲ್ಲ.

ಎರಡನೆಯದು ಕಾನೂನಿನದು. ಎಂಜಿನ್ ಸಂಖ್ಯೆಯನ್ನು ಕೇಸಿನ ಮೇಲೆಯೇ ಕೊರೆಯಲಾಗಿದೆ. ಆರ್‌ಸಿ ಪುಸ್ತಕದಲ್ಲಿರುವುದೂ ಅದೇ ಸಂಖ್ಯೆ. ಕೇಸು ಬದಲಿಸಿದರೆ ಸಾರಿಗೆ ಇಲಾಖೆಯ ಅನುಮತಿ ಪಡೆದು ದಾಖಲೆ ತಿದ್ದಿಸಬೇಕು. ಹೊಸ ಕೇಸಿನ ಮೇಲೆ ಹಳೆಯ ಸಂಖ್ಯೆಯನ್ನು ಕುಟ್ಟಿಸುವುದು ಅಪರಾಧ. ಮೂಲ ಸಂಖ್ಯೆಯನ್ನು ಎಮರಿ ಕಾಗದದಿಂದ ಉಜ್ಜಿ 'ಚೊಕ್ಕಟ' ಮಾಡಿದರೂ ಮುಂದೆ ವಿವರಣೆ ಕೊಡುವುದು ಕಷ್ಟ.

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ, 50 ವರ್ಷ ದಾಟಿದ, ಮೂಲ ರೂಪದಲ್ಲಿ ಕಾಪಾಡಿಕೊಂಡು ಬಂದ, ಗಣನೀಯ ಮಾರ್ಪಾಡು ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಇವುಗಳ ನೋಂದಣಿ ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ಆ ನಿಯಮಗಳು ಗೊತ್ತುಪಡಿಸಿದವು. ಮಾರ್ಪಾಡನ್ನು ಅಳೆಯುವಾಗ ಚಾಸಿಸ್ ಮತ್ತು ಹೊರಮೈಯ ಜತೆಗೆ ಎಂಜಿನ್ನನ್ನೂ ಪರಿಗಣಿಸಲಾಗುತ್ತದೆ. 1970ರ ದಶಕದ ಮೊದಲ ವರ್ಷಗಳವರೆಗಿನ ಮೈಸೂರು ಜಾವಾಗಳು ಈ ವಯಸ್ಸನ್ನು ಈಗಾಗಲೇ ದಾಟಿವೆ. ಬೆಸುಗೆಯ ಗುರುತು ಇರುವ ಮೂಲ ಕೇಸಿಗೆ, ಹೊಳೆಯುವ ಬೇರೆ ಕೇಸಿಗಿಂತ ಹೆಚ್ಚು ಬೆಲೆ ಇರುವುದು ಈ ಕಾರಣಕ್ಕೆ.

ಕೊನೆಯ ಪರೀಕ್ಷೆ

ದುರಸ್ತಿಯಾದ ಎಂಜಿನ್ನನ್ನು ಬೈಕಿಗೆ ಏರಿಸುವ ಮೊದಲು ಗಾಳಿಯ ಒತ್ತಡದ ಪರೀಕ್ಷೆ ನಡೆಸುವುದು ಒಳ್ಳೆಯದು. ಕಾರ್ಬುರೇಟರ್ ಮತ್ತು ಸೈಲೆನ್ಸರ್ ಕೂರುವ ಬಾಯಿಗಳನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ಕೈಪಂಪಿನಿಂದ ಐದಾರು ಪೌಂಡ್ ಒತ್ತಡವಷ್ಟೇ ತುಂಬಬೇಕು. ಇದಕ್ಕಿಂತ ಹೆಚ್ಚಾದರೆ ಸೀಲುಗಳೇ ಹೊರಬಂದಾವು. ಕೆಲವು ನಿಮಿಷ ಮುಳ್ಳು ಇಳಿಯದಿದ್ದರೆ ಎಂಜಿನ್ ಗಾಳಿಗಟ್ಟಿಯಾಗಿದೆ. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ನೋಡಬೇಕು. ಈ ಪರೀಕ್ಷೆಗೆ ತಗಲುವ ಅರ್ಧ ಗಂಟೆ ಇನ್ನೊಮ್ಮೆ ಎಂಜಿನ್ ಇಳಿಸುವ ಎರಡು ದಿನಗಳ ಶ್ರಮವನ್ನು ಉಳಿಸುತ್ತದೆ.

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನದ ಹೆಸರಿನಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಬೈಕುಗಳು ಸಾಲುಗಟ್ಟುತ್ತವೆ. ಅಲ್ಲಿ ಹೊಸ ಬಣ್ಣ, ಹೊಳೆಯುವ ಕ್ರೋಮಿನ ಕಡೆ ಎಲ್ಲರ ನೋಟ. ಅನುಭವಿ ಮೆಕ್ಯಾನಿಕ್ ಮಾತ್ರ ಬಗ್ಗಿ ಎಂಜಿನ್ನಿನ ಅಡಿಭಾಗ ನೋಡುತ್ತಾನೆ. ಈ ಎಂಜಿನ್‌ಗಳನ್ನು ಕಟ್ಟಿದ ತಲೆಮಾರಿನ ಕೈಗಳು ಒಂದೊಂದಾಗಿ ಕೆಲಸದಿಂದ ಸರಿಯುತ್ತಿವೆ. ಅವರು ಇರುವಾಗಲೇ ಅವರ ಪಕ್ಕದಲ್ಲಿ ಕುಳಿತು, ಸೋರಿಕೆಯ ಮೂಲ ಹುಡುಕುವ ತಾಳ್ಮೆಯನ್ನು ಕಲಿತುಕೊಳ್ಳುವವರು ಬೇಕಾಗಿದ್ದಾರೆ. ಹಾಗೆ ಕಲಿತ ಮಾಲೀಕರ ಮನೆಯಂಗಳದಲ್ಲಿ ಬೈಕಿನ ಕೆಳಗೆ ರಟ್ಟು ಇಡುವ ಅಗತ್ಯ ಬೀಳುವುದಿಲ್ಲ.